ಕಂಟ್ರಾಕ್ಟ್ ಎಂದ ಮಾತ್ರಕ್ಕೆ ಹೊಣೆ ತೀರುವುದಿಲ್ಲ

(ಸಣ್ಣ ಉದ್ದಿಮೆದಾರರು, ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಸಂಸ್ಥೆಗಳ ಆಡಳಿತ ನೋಡಿಕೊಳ್ಳುವವರಿಗಾಗಿ ನಮ್ಮ ಸಮಾಜ ಸೇವಾ ಸಂಸ್ಥೆಯು ಏರ್ಪಡಿಸಿದ್ದ ಒಂದು ದಿನದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಲ್ಲಿ ಕುಳಿತಿರುವ ನಮ್ಮಲ್ಲಿ ಯಾರೂ ದೊಡ್ಡ ಕಾರ್ಖಾನೆಯವರಲ್ಲ. ಒಬ್ಬರದು ಬೇಕರಿ, ಇನ್ನೊಬ್ಬರದು ಪ್ರಿಂಟಿಂಗ್ ಪ್ರೆಸ್, ಮತ್ತೊಬ್ಬರದು ಹಪ್ಪಳ-ಉಪ್ಪಿನಕಾಯಿ ಘಟಕ. ಕೆಲವರು ಶಾಲೆ, ಹಾಸ್ಟೆಲ್, ಧರ್ಮಕೇಂದ್ರದ ಸಭಾಭವನ ನೋಡಿಕೊಳ್ಳುವವರು. ಆದರೆ ನಮ್ಮೆಲ್ಲರಿಗೂ ಒಂದು ಅಭ್ಯಾಸ ಇದೆ. ಕೆಲಸವನ್ನು ಕಂಟ್ರಾಕ್ಟಿಗೆ ಕೊಡುತ್ತೇವೆ. ಗೋಡೆಗೆ ಬಣ್ಣ ಬಳಿಯಲು ಪೇಂಟರ್, ವಯರಿಂಗಿಗೆ ಎಲೆಕ್ಟ್ರಿಷಿಯನ್, ಲೆಕ್ಕಪತ್ರಕ್ಕೆ ತಿಂಗಳಿಗೆ ಎರಡು ಸಲ ಬರುವ ಅಕೌಂಟೆಂಟ್, ಸರಕು ಸಾಗಿಸಲು ಸ್ವಂತ ಟೆಂಪೋ ಇಟ್ಟುಕೊಂಡವರು, ಅಡಿಕೆ ಸುಲಿಯಲು ಒಂದು ತಂಡ. ಇದರಲ್ಲಿ ತಪ್ಪೇನೂ ಇಲ್ಲ. ವರ್ಷಕ್ಕೆ ಹದಿನೈದು ದಿನದ ಕೆಲಸಕ್ಕಾಗಿ ಯಾರೂ ಕಾಯಂ ಪೇಂಟರ್ ಇಟ್ಟುಕೊಳ್ಳುವುದಿಲ್ಲ. ಆ ಪೇಂಟರಿಗೂ ಹತ್ತು ಕಡೆ ಕೆಲಸ ಮಾಡುವ ಸ್ವಾತಂತ್ರ್ಯ ಬೇಕು.

ತೊಂದರೆ ಬರುವುದು ಬೇರೆ ಕಡೆಯಿಂದ. ತರಬೇತಿಗೆ ಬರುವವರು ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ನಾವು ಅವರನ್ನು ಕಂಟ್ರಾಕ್ಟ್ ಮೇಲೆ ಇಟ್ಕೊಂಡಿದ್ದೇವೆ. ಹಾಗಾದ್ರೆ ಪಿ.ಎಫ್., ಇ.ಎಸ್.ಐ. ಏನೂ ಬೇಡ ಅಲ್ವಾ?" ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಮ್ಮದೇ ತಪ್ಪನ್ನು ನಿಮ್ಮ ಮುಂದೆ ಇಡುತ್ತೇವೆ. ಬೇರೆಯವರಿಗೆ ಪಾಠ ಹೇಳುವವರು ಮೊದಲು ತಾವು ಕಲಿತದ್ದನ್ನು ಹೇಳಬೇಕು.

ನಮ್ಮ ಹೊಲಿಗೆ ಕೇಂದ್ರದಲ್ಲಿ ಆದದ್ದು

ಹಿಂದೆ ನಮ್ಮದೊಂದು ಹೊಲಿಗೆ ಕೇಂದ್ರದಲ್ಲಿ ಹನ್ನೆರಡು ಮಂದಿ ಮಹಿಳೆಯರು ಶಾಲಾ ಯೂನಿಫಾರ್ಮ್ ಹೊಲಿಯುತ್ತಿದ್ದರು. ಜೊತೆಗೆ ಒಬ್ಬ ಕಟಿಂಗ್ ಮಾಸ್ಟರ್, ಒಬ್ಬ ಗುಮಾಸ್ತ. ಮೆಷಿನ್ ನಮ್ಮದು, ಕರೆಂಟ್ ನಮ್ಮದು, ಬಟ್ಟೆ-ನೂಲು ನಮ್ಮದು. ಬೆಳಿಗ್ಗೆ ಒಂಬತ್ತೂವರೆಗೆ ಬರಬೇಕು, ಸಂಜೆ ಐದಕ್ಕೆ ಬಿಡುವುದು. ರಜೆ ಬೇಕಾದರೆ ಕೇಳಿ ಪಡೆಯಬೇಕು. ಕೂಲಿ ಮಾತ್ರ ಪೀಸ್ ಲೆಕ್ಕದಲ್ಲಿ. ಅವರೆಲ್ಲರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದೆವು: "ನಾವು ಸ್ವತಂತ್ರ ಗುತ್ತಿಗೆದಾರರು, ಸಂಸ್ಥೆಯ ಕೆಲಸಗಾರರಲ್ಲ." ಹಾಗೆ ಬರೆಸಿಕೊಂಡರೆ ಕಾನೂನಿನ ತಾಪತ್ರಯ ಇಲ್ಲ ಎಂದು ಯಾರೋ ಹೇಳಿದ್ದರು. ನಾವೂ ನಂಬಿದ್ದೆವು.

ಒಂದು ದಿನ ಅವರಲ್ಲಿ ಒಬ್ಬ ತಾಯಿಯ ಬೆರಳಿಗೆ ಮೆಷಿನ್ ಸೂಜಿ ನುಗ್ಗಿತು. ಮೊದಲಿಗೆ ಸಣ್ಣ ಗಾಯ ಅಂತ ಬಟ್ಟೆ ಕಟ್ಟಿಕೊಂಡರು. ಅದು ಕೀವಾಯಿತು, ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವಾರ ಕೆಲಸ ಇಲ್ಲ, ಕೂಲಿಯೂ ಇಲ್ಲ, ಮೇಲೆ ಆಸ್ಪತ್ರೆಯ ಬಿಲ್ಲು. ಅವರು ಬಂದು ಕೇಳಿದಾಗ ನಮ್ಮ ಗುಮಾಸ್ತರು ಆ ಸಹಿ ಹಾಕಿದ ಕಾಗದ ತೋರಿಸಿದರು. ಸಮಾಧಾನಕ್ಕೆಂದು ಬಡವರ ನಿಧಿಯಿಂದ ಸ್ವಲ್ಪ ಹಣ ಕೊಡಲು ಹೋದೆವು. ಆಗ ಆ ತಾಯಿ ನಮ್ಮ ಸಿಸ್ಟರ್ ಹತ್ತಿರ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ದಾನ ಬೇಡ ಸಿಸ್ಟರ್. ನನಗೆ ಬರಬೇಕಾದ್ದು ಏನಾದ್ರೂ ಇದ್ರೆ ಅದನ್ನು ಕೊಡಿ."

ಬರಬೇಕಾದ್ದು ಇತ್ತೇ? ವಕೀಲರೊಬ್ಬರ ಬಳಿ ಹೋಗಿ ಕೇಳಿದೆವು. ಅವರು ಕಾಗದವನ್ನು ಓದಿ ಪಕ್ಕಕ್ಕಿಟ್ಟರು. "ಇದರಲ್ಲಿ ಏನು ಬರೆದಿದೆ ಅನ್ನೋದು ಆಮೇಲೆ. ಕೇಂದ್ರದಲ್ಲಿ ದಿನಾ ಏನು ನಡೆಯುತ್ತೆ ಅದನ್ನು ಹೇಳಿ" ಎಂದರು. ಇಂದಿನ ಉಪನ್ಯಾಸದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ. ಒಬ್ಬರು ಸ್ವತಂತ್ರ ಗುತ್ತಿಗೆದಾರರೋ ಅಥವಾ ನಮ್ಮ ಕೆಲಸಗಾರರೋ ಎಂಬುದನ್ನು ತೀರ್ಮಾನಿಸುವುದು ಕೆಲಸ ನಡೆಯುವ ರೀತಿ. ನಾವು ಇಟ್ಟ ಹೆಸರಿಗೆ ಅಲ್ಲಿ ಹೆಚ್ಚಿನ ಬೆಲೆ ಇಲ್ಲ.

ನ್ಯಾಯಾಲಯಗಳು ಹೇಳಿರುವುದೇನು?

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಬಹಳ ಹಿಂದೆಯೇ ದಾರಿ ತೋರಿಸಿದೆ.

ಗುಜರಾತಿನ ಕಚ್ಛ್ ರಣದಲ್ಲಿ ಉಪ್ಪು ಬೆಳೆಯುವ ಅಗರಿಯಾಗಳೆಂಬ ಜನ ಇದ್ದಾರೆ. ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ಕಂಪನಿಯವರು, "ಇವರು ಗುತ್ತಿಗೆದಾರರು, ಉಪ್ಪಿನ ತೂಕಕ್ಕೆ ತಕ್ಕಂತೆ ಹಣ ಕೊಡುತ್ತೇವೆ, ಇವರಿಗೆ ಕೆಲಸದ ಹೊತ್ತು ಗೊತ್ತು ಇಲ್ಲ, ಬೇಕಾದರೆ ಆಳು ಇಟ್ಟುಕೊಳ್ಳಬಹುದು" ಎಂದು ವಾದಿಸಿದರು. 1956ರಲ್ಲಿ ನ್ಯಾಯಾಲಯವು ಆ ವಾದವನ್ನು ಒಪ್ಪಲಿಲ್ಲ. ಅವರು ಸ್ವತಃ ಮೈ ಮುರಿದು ದುಡಿಯುತ್ತಾರೆ, ಕೆಲಸದ ಪ್ರತಿ ಹಂತದಲ್ಲೂ ಕಂಪನಿಯ ಉಸ್ತುವಾರಿ ಇದೆ, ಆದ್ದರಿಂದ ಅವರು ಕಾರ್ಮಿಕರೇ ಎಂಬುದು ಅದರ ತೀರ್ಪು.

ಎರಡನೆಯದು ನಮ್ಮ ಹೊಲಿಗೆ ಕೇಂದ್ರಕ್ಕೆ ಕನ್ನಡಿ ಹಿಡಿದಂತಿದೆ. ಸಿಲ್ವರ್ ಜ್ಯೂಬಿಲಿ ಟೇಲರಿಂಗ್ ಹೌಸ್ ಪ್ರಕರಣ, 1973ರ ತೀರ್ಪು. ಆಗಿನ ಆಂಧ್ರಪ್ರದೇಶದ ಟೇಲರಿಂಗ್ ಅಂಗಡಿಯಲ್ಲಿ ದರ್ಜಿಗಳಿಗೆ ಪೀಸ್ ಲೆಕ್ಕ. ಇಡೀ ದಿನ ಕೂರಬೇಕೆಂಬ ನಿಯಮ ಇರಲಿಲ್ಲ, ಕೆಲವೊಮ್ಮೆ ಬಟ್ಟೆಯನ್ನು ಮನೆಗೂ ಒಯ್ಯುತ್ತಿದ್ದರು. ಆದರೂ ಅವರು ಅಂಗಡಿಯ ನೌಕರರೇ ಎಂದು ತೀರ್ಮಾನವಾಯಿತು. ಏಕೆಂದರೆ ಮೆಷಿನ್ ಅಂಗಡಿಯದು, ಕೆಲಸದ ಜಾಗ ಅಂಗಡಿಯದು, ಹೊಲಿಗೆ ಸರಿ ಬಾರದಿದ್ದರೆ ಬಿಚ್ಚಿ ಮತ್ತೆ ಹೊಲಿಯಿರಿ ಎಂದು ಹೇಳುವ ಅಧಿಕಾರವೂ ಅಂಗಡಿಯವರದು.

ಮೂರನೆಯದು ನೆರೆಯ ಕೋಝಿಕ್ಕೋಡಿನದು. ಹಗ್ಗ ತಯಾರಿಸುವ ಕಾರ್ಖಾನೆಯೊಂದರ ಕೆಲಸಗಾರರನ್ನು ಗುತ್ತಿಗೆದಾರರು ಕರೆತಂದಿದ್ದರು. ಅವರನ್ನು ಕೆಲಸದಿಂದ ಬಿಡಿಸಿದಾಗ ಮಾಲೀಕರು, "ಅವರು ನಮ್ಮವರಲ್ಲ, ಕಂಟ್ರಾಕ್ಟರ್ ಜನ" ಎಂದರು. 1978ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠವು ಮುಸುಕು ತೆಗೆದು ನೋಡಬೇಕು ಎಂದಿತು. ದುಡಿಮೆಯ ಫಲ ಯಾರ ಉದ್ದಿಮೆಗೆ ಸೇರುತ್ತದೆ, ಆ ಜನರ ಹೊಟ್ಟೆಪಾಡು ಯಾರ ಕೈಯಲ್ಲಿದೆ ಎಂದು ಕೇಳಿದರೆ ನಿಜವಾದ ಮಾಲೀಕ ಯಾರೆಂದು ತಿಳಿಯುತ್ತದೆ.

ಹಾಗೆಂದು ಎಲ್ಲರೂ ನೌಕರರೇ ಎಂದು ನ್ಯಾಯಾಲಯ ಹೇಳಿಲ್ಲ. 1958ರ ಚಿಂತಾಮನ್ ರಾವ್ ಪ್ರಕರಣದಲ್ಲಿ ಮಧ್ಯಪ್ರದೇಶದ ಬೀಡಿ ಕಾರ್ಖಾನೆಗೆ ಬೀಡಿ ಒದಗಿಸುತ್ತಿದ್ದ 'ಸಟ್ಟೇದಾರ'ರು ಸ್ವತಂತ್ರ ಗುತ್ತಿಗೆದಾರರೇ ಎಂದು ಒಪ್ಪಲಾಯಿತು. ಅವರು ಬೇರೆ ಜಾಗದಲ್ಲಿ, ತಾವೇ ಜನ ಇಟ್ಟು, ತಮ್ಮ ಏರ್ಪಾಟಿನಂತೆ ಬೀಡಿ ಮಾಡಿಸಿ ತಂದುಕೊಡುತ್ತಿದ್ದರು.

ಬೀಡಿ ಎಂದಾಗ ನಮ್ಮ ಕರಾವಳಿಯ ತಾಯಂದಿರು ನೆನಪಾಗುತ್ತಾರೆ. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಹೇಳಿತು. ಆ ಕಾಯ್ದೆಯನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಕೆಲಸ ಮನೆಯಲ್ಲಿ ನಡೆಯಿತು, ನಡುವೆ ಒಬ್ಬ ಕಂಟ್ರಾಕ್ಟರ್ ಇದ್ದ ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ ಎಂಬುದನ್ನು ನಮ್ಮ ಜಿಲ್ಲೆಗಳ ಜನ ಅನುಭವದಿಂದಲೇ ಬಲ್ಲರು.

ನಾವೇ ಕೇಳಿಕೊಳ್ಳಬೇಕಾದ ಏಳು ಪ್ರಶ್ನೆಗಳು

ನೀವು ಕಂಟ್ರಾಕ್ಟ್ ಕೊಟ್ಟಿರುವ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈಗ ಪ್ರಾಮಾಣಿಕವಾಗಿ ಉತ್ತರಿಸಿ.

1. ಯಾವ ಹೊತ್ತಿಗೆ ಬರಬೇಕು, ಯಾವ ಹೊತ್ತಿಗೆ ಹೋಗಬೇಕು ಎಂದು ಹೇಳುವವರು ಯಾರು?

2. ಕೆಲಸವನ್ನು ಹೇಗೆ ಮಾಡಬೇಕೆಂದು ನಾವು ಹೇಳುತ್ತೇವೆಯೇ, ಅಥವಾ ಏನು ಆಗಬೇಕೆಂದು ಮಾತ್ರ ಹೇಳುತ್ತೇವೆಯೇ?

3. ಉಪಕರಣ, ಮೆಷಿನ್, ಗಾಡಿ ಯಾರದು?

4. ಅವರು ಬೇರೆಯವರ ಕೆಲಸವನ್ನೂ ಮಾಡುತ್ತಾರೆಯೇ? ಮಾಡಲು ನಾವು ಬಿಡುತ್ತೇವೆಯೇ?

5. ತಮ್ಮ ಬದಲು ಬೇರೊಬ್ಬರನ್ನು ಕಳುಹಿಸುವ ಸ್ವಾತಂತ್ರ್ಯ ಅವರಿಗಿದೆಯೇ?

6. ಕೆಲಸ ಕೆಟ್ಟರೆ ನಷ್ಟ, ಚೆನ್ನಾಗಿ ಆದರೆ ಲಾಭ ಅವರಿಗೆ ಸೇರುತ್ತದೆಯೇ? ಅಥವಾ ಏನಾದರೂ ಅವರಿಗೆ ಸಿಗುವುದು ಅದೇ ಕೂಲಿಯೇ?

7. ಅವರ ಕೆಲಸ ನಮ್ಮ ಉದ್ದಿಮೆಯ ಮುಖ್ಯ ಕೆಲಸವೇ? ಬೇಕರಿಗೆ ಬಣ್ಣ ಬಳಿಯುವುದು ಬೇರೆ, ಬೇಕರಿಯಲ್ಲಿ ದಿನಾ ಬ್ರೆಡ್ ಮಾಡುವುದು ಬೇರೆ.

ಒಂದೇ ಪ್ರಶ್ನೆಯ ಉತ್ತರ ನೋಡಿ ತೀರ್ಮಾನಿಸಬಾರದು. ಏಳನ್ನೂ ಒಟ್ಟಿಗೆ ನೋಡಬೇಕು. ನಮ್ಮ ಹೊಲಿಗೆ ಕೇಂದ್ರಕ್ಕೆ ಈ ಪ್ರಶ್ನೆಗಳನ್ನು ಹಾಕಿದಾಗ ಏಳಕ್ಕೆ ಏಳೂ ನಮ್ಮ ವಿರುದ್ಧ ಬಂದವು. ಸ್ವಂತ ಟೆಂಪೋದಲ್ಲಿ ನಮ್ಮ ಸರಕು ಸಾಗಿಸುವ ಸಹೋದರನಿಗೆ ಹಾಕಿದಾಗ ಆರು ಉತ್ತರಗಳು ಅವನು ಸ್ವತಂತ್ರ ಎಂದವು. ಗಾಡಿ ಅವನದು, ಡೀಸೆಲ್ ಅವನದು, ನಮ್ಮ ಕೆಲಸ ಇಲ್ಲದ ದಿನ ಮಾರ್ಕೆಟ್ಟಿಗೆ ಬಾಡಿಗೆ ಹೋಗುತ್ತಾನೆ. ಅವನು ಗುತ್ತಿಗೆದಾರ, ಸಂದೇಹವಿಲ್ಲ.

ನಿಜವಾದ ಗುತ್ತಿಗೆಯನ್ನು ಚೆನ್ನಾಗಿ ನಡೆಸುವುದು ಹೇಗೆ?

ಕೆಲಸ ನಿಜಕ್ಕೂ ಸ್ವತಂತ್ರ ಗುತ್ತಿಗೆಯದು ಎಂದಾದರೆ ಅದನ್ನು ಅಚ್ಚುಕಟ್ಟಾಗಿ ಮಾಡಿಕೊಳ್ಳೋಣ. ಜಗಳಗಳು ಹೆಚ್ಚಾಗಿ ಹುಟ್ಟುವುದು ಮೋಸದಿಂದಲ್ಲ, ಮಾತು ಸ್ಪಷ್ಟ ಇಲ್ಲದಿರುವುದರಿಂದ.

ಮೊದಲನೆಯದಾಗಿ, ಬರೆದಿಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಂದಕ್ಕೂ 1872ರ ಕರಾರು ಕಾಯ್ದೆಯಲ್ಲಿ ಮಾನ್ಯತೆ ಇದೆ, ಆದರೆ ಅದನ್ನು ರುಜುವಾತು ಮಾಡುವುದು ಕಷ್ಟ. ಎರಡು ಪುಟ ಸಾಕು. ಯಾವ ಕೆಲಸ, ಎಷ್ಟು ಅಳತೆ, ಯಾವ ಸಾಮಾನು, ಸಾಮಾನು ಯಾರು ತರುವುದು, ಯಾವ ದಿನಕ್ಕೆ ಮುಗಿಯಬೇಕು, ಒಟ್ಟು ಎಷ್ಟು ಹಣ, ಕೆಲಸ ಸರಿಯಾಗಿಲ್ಲದಿದ್ದರೆ ಏನು, ಅರ್ಧದಲ್ಲಿ ನಿಲ್ಲಿಸಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು. ಇವಿಷ್ಟು ಇರಲಿ. "ಶಾಲೆಗೆ ಪೇಂಟ್ ಮಾಡುವುದು, 40,000 ರೂಪಾಯಿ" ಎಂದು ಬರೆದರೆ ಅದು ಜಗಳಕ್ಕೆ ಆಹ್ವಾನ. ಎಷ್ಟು ಚದರ ಅಡಿ, ಹಳೆ ಬಣ್ಣ ಕೆರೆಯಬೇಕೇ, ಪ್ರೈಮರ್ ಉಂಟೇ, ಎಷ್ಟು ಕೋಟ್, ಯಾವ ಕಂಪನಿಯ ಬಣ್ಣ ಎಂದು ಬರೆಯಿರಿ. ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಬರೆಯಿರಿ, ಓದಿ ಹೇಳಿ, ಒಂದು ಪ್ರತಿ ಅವರ ಕೈಗೆ ಕೊಡಿ.

ಎರಡನೆಯದಾಗಿ, ಹಣವನ್ನು ಹಂತ ಹಂತವಾಗಿ ಕೊಡಿ. ಅಡ್ವಾನ್ಸ್ ಇಷ್ಟು, ಅರ್ಧ ಕೆಲಸಕ್ಕೆ ಇಷ್ಟು, ಮುಗಿದು ನೋಡಿದ ಮೇಲೆ ಉಳಿದದ್ದು. ಕೆಲಸ ಮುಗಿದ ಮೇಲೆ "ಮುಂದಿನ ವಾರ ಬಾ" ಎಂದು ಅಲೆದಾಡಿಸಬೇಡಿ. ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಒಪ್ಪಿಕೊಂಡ ದಿನದೊಳಗೆ, ಅದು ಕೂಡ 45 ದಿನ ಮೀರದಂತೆ, ಹಣ ಕೊಡಬೇಕೆಂದು 2006ರ ಎಂ.ಎಸ್.ಎಂ.ಇ. ಕಾಯ್ದೆ ಹೇಳುತ್ತದೆ. ದಿನ ಬರೆದಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಿಮ್ಮಲ್ಲಿ ಬೇರೆಯವರಿಗೆ ಕೆಲಸ ಮಾಡಿಕೊಡುವ ಸಹೋದರಿಯರೂ ಇದ್ದೀರಿ. ನೀವೂ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಅದಕ್ಕೆ ಶುಲ್ಕ ಇಲ್ಲ.

ಮೂರನೆಯದಾಗಿ, ದರ ನ್ಯಾಯವಾಗಿರಲಿ. ಗುತ್ತಿಗೆದಾರರು ತಮ್ಮ ಉಪಕರಣ, ಓಡಾಟ, ಕೆಲಸ ಇಲ್ಲದ ದಿನಗಳು, ಕಾಯಿಲೆ, ಮುಪ್ಪು ಎಲ್ಲವನ್ನೂ ಅದೇ ದರದಲ್ಲಿ ನೋಡಿಕೊಳ್ಳಬೇಕು. ಆದ್ದರಿಂದ ಅವರಿಗೆ ಉಳಿಯುವುದು ದಿನಗೂಲಿಗಿಂತ ಹೆಚ್ಚಿರಬೇಕು. ಸಂಬಳಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ನಾವು ಗುತ್ತಿಗೆ ಕೊಡುತ್ತಿದ್ದರೆ, ಉಳಿಸಿದ ಆ ಹಣ ಯಾರ ತಟ್ಟೆಯಿಂದ ಬಂತು ಎಂದು ಒಮ್ಮೆ ಯೋಚಿಸಬೇಕು.

ನಾಲ್ಕನೆಯದಾಗಿ, ಕೆಲಸ ಕೊಟ್ಟ ಮೇಲೆ ಮೈಮೇಲೆ ಬೀಳಬೇಡಿ. ಫಲಿತಾಂಶ ನೋಡಿ, ಗುಣಮಟ್ಟ ಪರೀಕ್ಷಿಸಿ, ದಿನಾಂಕ ಕೇಳಿ. ಆದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವುದು, ರಜೆ ಮಂಜೂರು ಮಾಡುವುದು, "ಸುಮ್ಮನೆ ಕೂತಿದ್ದೀಯಲ್ಲ, ಗೋಡೌನ್ ಗುಡಿಸು" ಅನ್ನುವುದು ಇವೆಲ್ಲ ಮಾಲೀಕನ ಅಧಿಕಾರ. ಅಧಿಕಾರ ಬೇಕಾದರೆ ಮಾಲೀಕನ ಹೊಣೆಯೂ ಬೇಕು. ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಲು ಆಗುವುದಿಲ್ಲ.

ಐದನೆಯದಾಗಿ, ತೆರಿಗೆ. ಗುತ್ತಿಗೆಯ ಹಣ ಕೊಡುವಾಗ ಮೂಲದಲ್ಲೇ ತೆರಿಗೆ ಕಡಿತ, ಅಂದರೆ ಟಿ.ಡಿ.ಎಸ್., ಮಾಡಬೇಕಾಗುತ್ತದೆ. ಒಂದು ಬಿಲ್ಲು 30,000 ರೂಪಾಯಿ ಮೀರಿದರೆ ಅಥವಾ ಒಬ್ಬರಿಗೆ ವರ್ಷದಲ್ಲಿ ಕೊಟ್ಟದ್ದು 1 ಲಕ್ಷ ಮೀರಿದರೆ, ಗುತ್ತಿಗೆದಾರರು ವ್ಯಕ್ತಿಯಾದರೆ ಶೇಕಡಾ 1, ಸಂಸ್ಥೆ ಅಥವಾ ಕಂಪನಿಯಾದರೆ ಶೇಕಡಾ 2. ಪಾನ್ ಸಂಖ್ಯೆ ಕೊಡದಿದ್ದರೆ ಶೇಕಡಾ 20. ನೋಂದಾಯಿತ ಸಂಘ, ಟ್ರಸ್ಟ್, ಪಾಲುದಾರಿಕೆ ಸಂಸ್ಥೆಗಳಿಗೆಲ್ಲ ಇದು ಅನ್ವಯಿಸುತ್ತದೆ. ಒಬ್ಬರೇ ನಡೆಸುವ ವ್ಯಾಪಾರಕ್ಕೆ ಹಿಂದಿನ ವರ್ಷದ ವಹಿವಾಟು 1 ಕೋಟಿ ಮೀರಿದ್ದರೆ ಮಾತ್ರ. ಮೇಲಿನ 40,000 ರೂಪಾಯಿಯ ಪೇಂಟಿಂಗ್ ಕೆಲಸದಲ್ಲಿ ಶಾಲೆಯ ಆಡಳಿತ 400 ರೂಪಾಯಿ ಕಡಿದು ಸರ್ಕಾರಕ್ಕೆ ಕಟ್ಟಿ, ಪೇಂಟರಿಗೆ ಅದರ ಪ್ರಮಾಣಪತ್ರ ಕೊಡಬೇಕು. ಆ 400 ರೂಪಾಯಿ ಅವರ ತೆರಿಗೆ ಲೆಕ್ಕಕ್ಕೆ ಜಮಾ ಆಗುತ್ತದೆ ಎಂಬುದನ್ನೂ ಅವರಿಗೆ ತಿಳಿಸಿ. ಕಡಿದು ಕಟ್ಟದೆ ಇಟ್ಟುಕೊಳ್ಳುವುದು ದೊಡ್ಡ ಅಪರಾಧ.

ಆರನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ನಮ್ಮ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಚಿತ್ರಿಸಿದ್ದು ಸಾಮಾನ್ಯವಾಗಿ ನಮ್ಮ ಸಂಸ್ಥೆಯದೇ. ಆದರೆ ಹೊರಗಿನ ಡಿಸೈನರ್ ಮಾಡಿಕೊಟ್ಟ ಕಂಪ್ಯೂಟರ್ ಪ್ರೋಗ್ರಾಮ್, ಹೊರಗಿನ ಲೇಖಕರು ಬರೆದ ಪುಸ್ತಕ, ಇವುಗಳ ಹಕ್ಕು ಹಣ ಕೊಟ್ಟ ಮಾತ್ರಕ್ಕೆ ನಮಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಲೆಕ್ಕ. ಒಪ್ಪಂದದಲ್ಲಿ ಇದಕ್ಕೊಂದು ಸಾಲು ಸೇರಿಸಿ.

ಗುತ್ತಿಗೆದಾರರು ಜನರನ್ನು ಕರೆತಂದಾಗ

ಮೇಸ್ತ್ರಿಯೊಬ್ಬರಿಗೆ ಕಟ್ಟಡದ ಕೆಲಸ ಕೊಡುತ್ತೇವೆ. ಅವರು ಹತ್ತು ಜನರನ್ನು ಕರೆತರುತ್ತಾರೆ. ಉತ್ತರ ಕರ್ನಾಟಕದವರು ಇರಬಹುದು, ಒಡಿಶಾ, ಜಾರ್ಖಂಡಿನವರೂ ಇರಬಹುದು. ನಾವು ಮೇಸ್ತ್ರಿಗೆ ಹಣ ಕೊಟ್ಟಾಯಿತು, ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಕಾನೂನು ಹಾಗೆ ಅಂದುಕೊಂಡಿಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಸ್ಥಳದ ಸುರಕ್ಷತೆ ಎಂಬ ನಾಲ್ಕು ವಿಷಯಗಳಿಗೆ ನಾಲ್ಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ 20 ಜನ ಇದ್ದ ಕಡೆ ಅನ್ವಯಿಸುತ್ತಿತ್ತು. ಈಗಿನ ಸುರಕ್ಷತಾ ಸಂಹಿತೆಯಲ್ಲಿ ಗುತ್ತಿಗೆ ಕಾರ್ಮಿಕರ ಅಧ್ಯಾಯಕ್ಕೆ 50 ಜನ ಎಂದಿದೆ. ಅಲ್ಲಿ ಉದ್ದಿಮೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಚ್ಚುವುದಕ್ಕೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ನಿಷೇಧವೂ ಇದೆ. "ನಮ್ಮಲ್ಲಿ 50 ಇಲ್ಲ, ಬದುಕಿದೆವು" ಎಂದು ಯಾರೂ ಸಂತೋಷಪಡಬೇಡಿ. ಕನಿಷ್ಠ ವೇತನಕ್ಕೆ ಈ ಲೆಕ್ಕ ಇಲ್ಲ. ವೇತನ ಸಂಹಿತೆಯಂತೆ ಅದು ಎಲ್ಲ ಬಗೆಯ ಉದ್ಯೋಗಕ್ಕೂ ಅನ್ವಯ, ಪೀಸ್ ಲೆಕ್ಕದ ಕೆಲಸಕ್ಕೂ ಅನ್ವಯ. ಇ.ಎಸ್.ಐ.ಗೆ 10 ಜನ, ಪಿ.ಎಫ್.ಗೆ 20 ಜನ. ಶಾಖೆ ಬೇರೆ, ವಿಭಾಗ ಬೇರೆ ಎಂದು ತಲೆಯನ್ನು ಒಡೆದು ಎಣಿಸುವಂತಿಲ್ಲ. ಗುತ್ತಿಗೆದಾರರ ಮೂಲಕ ಬಂದು ನಮ್ಮಲ್ಲಿ ದುಡಿಯುವವರೂ ಎಣಿಕೆಗೆ ಬರುತ್ತಾರೆ.

ಅಪಘಾತದ ವಿಷಯ ಇನ್ನೂ ಗಂಭೀರ. ನಮ್ಮ ವ್ಯಾಪಾರಕ್ಕೆ ಸೇರಿದ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಿದ್ದು, ಅಲ್ಲಿ ಗುತ್ತಿಗೆದಾರರ ಆಳಿಗೆ ಪೆಟ್ಟಾದರೆ, ಅವರು ನೇರವಾಗಿ ನಮ್ಮಿಂದಲೇ ಪರಿಹಾರ ಕೇಳಬಹುದು. 1923ರ ಪರಿಹಾರ ಕಾಯ್ದೆಯಿಂದಲೂ ಈ ನಿಯಮ ಇದೆ, ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ನಾವು ಕೊಟ್ಟು, ಆಮೇಲೆ ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಬಹುದು. ವಸೂಲಿಗೆ ಅವರ ಹತ್ತಿರ ಏನಿರುತ್ತದೆ? ಹಾಗಾಗಿ ಕೆಲಸ ಶುರುವಾಗುವ ಮೊದಲೇ ಈ ಐದು ಮಾತು ಪಾಲಿಸಿ.

ಒಂದು, ಬರುವ ಪ್ರತಿಯೊಬ್ಬರ ಹೆಸರು, ವಯಸ್ಸು, ಊರು ಬರೆದುಕೊಳ್ಳಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವಂತಿಲ್ಲ, ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. "ನನ್ನ ತಮ್ಮ, ಸುಮ್ಮನೆ ಬಂದಿದ್ದಾನೆ" ಅಂದರೂ ಬಿಡಬೇಡಿ.

ಎರಡು, ಕೂಲಿ ಬಟವಾಡೆಯನ್ನು ಕಣ್ಣಾರೆ ನೋಡಿ, ಸಹಿ ಇರುವ ಹಾಳೆಯ ಒಂದು ಪ್ರತಿ ಇಟ್ಟುಕೊಳ್ಳಿ. ಅದನ್ನು ತೋರಿಸಿದ ಮೇಲೆಯೇ ಮೇಸ್ತ್ರಿಗೆ ಮುಂದಿನ ಕಂತು.

ಮೂರು, ಎತ್ತರದ ಕೆಲಸಕ್ಕೆ ಬೆಲ್ಟ್, ಹೆಲ್ಮೆಟ್, ಗಟ್ಟಿ ಸಾರುವೆ. ವಿಮೆ ಮಾಡಿಸಿದ್ದಾರೋ ಇಲ್ಲವೋ ಕಾಗದ ನೋಡಿ.

ನಾಲ್ಕು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ನೀವು ಕೊಡುವ ಕೆಲಸದ ದೃಢೀಕರಣ ಅವರಿಗೆ ಬೇಕಾಗುತ್ತದೆ. ಕೊಡಲು ಹಿಂಜರಿಯಬೇಡಿ. ಅಸಂಘಟಿತ ವಲಯದ ಉಳಿದವರಿಗೆ 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ ಇದೆ. ನಮ್ಮ ಕಚೇರಿಯಲ್ಲಿ ಅರ್ಜಿ ತುಂಬಲು ನೆರವಾಗುತ್ತೇವೆ.

ಐದು, ಸಂದೇಹ ಬಂದಾಗ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಮೊದಲೇ ಕೇಳಿ. ಕೇಳಿದರೆ ದಂಡ ಇಲ್ಲ.

ನಮ್ಮ ವಿಶ್ವಾಸ ಏನು ಹೇಳುತ್ತದೆ?

ಇಷ್ಟೆಲ್ಲ ಕಾನೂನು ಹೇಳಿದ ಮೇಲೆ ಒಂದು ಮಾತು. ಕಾನೂನಿನ ಕಣ್ಣು ತಪ್ಪಿಸುವ ದಾರಿಗಳೂ ಇವೆ. 49 ಜನರನ್ನು ಇಟ್ಟುಕೊಳ್ಳುವವರು, ಮೂರು ತಿಂಗಳಿಗೊಮ್ಮೆ ಹೆಸರು ಬದಲಿಸುವವರು ಇದ್ದಾರೆ. ನಮಗೆ ಅದು ತಕ್ಕುದಲ್ಲ.

ದಿನಗೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡವು ವಿಧಿಸಿತು. ಅವನು ಅದನ್ನೇ ನೆಚ್ಚಿಕೊಂಡಿರುತ್ತಾನೆ. ತಡೆಹಿಡಿದ ಕೂಲಿ ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆ ಎಂದು ಯಕೋಬರ ಪತ್ರವು ಎಚ್ಚರಿಸುತ್ತದೆ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಅವರು 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ಹೇಳಿದ ತತ್ವ ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಹೊಂದುತ್ತದೆ: ಬೇರೆ ದಾರಿ ಇಲ್ಲದೆ ಕಾರ್ಮಿಕನು ಒಪ್ಪಿಕೊಂಡ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗುವುದಿಲ್ಲ. ನಮ್ಮ ಆ ಹನ್ನೆರಡು ಮಂದಿ ಸಹಿ ಹಾಕಿದ್ದೂ ಹಾಗೆಯೇ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ ಅವರು ತಾವು ಈ ಹೆಸರನ್ನು ಆರಿಸಿಕೊಳ್ಳಲು ಆ ವಿಶ್ವಪತ್ರ ಬರೆದ ಪೋಪರ ನೆನಪೇ ಮುಖ್ಯ ಕಾರಣ ಎಂದು ಹೇಳಿದ್ದಾರೆ.

1981ರ 'ಲಾಬೊರೆಂ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು 'ಪರೋಕ್ಷ ಮಾಲೀಕ' ಎಂಬ ಮಾತು ಬಳಸಿದರು. ಕೂಲಿ ಕೈಗೆ ಕೊಡುವವನು ನೇರ ಮಾಲೀಕ. ಆ ಕೂಲಿ, ಆ ದುಡಿಮೆ ಹೇಗಿರಬೇಕೆಂಬುದನ್ನು ದೂರದಿಂದ ನಿರ್ಧರಿಸುವ ವ್ಯಕ್ತಿಗಳು, ಸಂಸ್ಥೆಗಳು, ನಿಯಮಗಳೆಲ್ಲ ಪರೋಕ್ಷ ಮಾಲೀಕ. ಅವರಿಗೂ ನಿಜವಾದ ಹೊಣೆ ಇದೆ. ಅತಿ ಕಡಿಮೆ ಟೆಂಡರ್ ಆರಿಸುವಾಗ, ಬಿಲ್ಲು ಮೂರು ತಿಂಗಳು ಇಟ್ಟುಕೊಳ್ಳುವಾಗ, ನಾವು ಆ ಸ್ಥಾನದಲ್ಲಿ ನಿಂತಿರುತ್ತೇವೆ.

ನಾವು ಮಾಡಿದ್ದು, ನೀವು ಮಾಡಬಹುದಾದ್ದು

ನಮ್ಮ ಹೊಲಿಗೆ ಕೇಂದ್ರದ ಕತೆ ಮುಗಿಸುತ್ತೇವೆ. ಆ ಕಾಗದಗಳನ್ನು ಹರಿದು ಹಾಕಿ ನೇಮಕಾತಿ ಪತ್ರ ಕೊಟ್ಟೆವು. ಪೀಸ್ ಲೆಕ್ಕ ಉಳಿಯಿತು, ಆದರೆ ದಿನದ ಗಳಿಕೆ ಕನಿಷ್ಠ ವೇತನಕ್ಕಿಂತ ಕೆಳಗಿಳಿಯದಂತೆ ದರ ತಿದ್ದಿದೆವು. ಕೇಂದ್ರದಲ್ಲಿ 14 ಜನ ಇದ್ದುದರಿಂದ ಇ.ಎಸ್.ಐ. ಮೊದಲೇ ಆಗಬೇಕಿತ್ತು; ಬಾಕಿ ಸಮೇತ ಕಟ್ಟಿದೆವು. ಕ್ಷೇತ್ರ ಕಾರ್ಯಕರ್ತರನ್ನೂ ಸೇರಿಸಿದಾಗ ಸಂಖ್ಯೆ 20 ದಾಟಿತು, ಪಿ.ಎಫ್. ಕೂಡ ಬಂತು. ಮನೆಯಲ್ಲಿ ಸ್ವಂತ ಮೆಷಿನ್ ಇದ್ದು, ಬೇರೆ ಅಂಗಡಿಗಳಿಗೂ ಹೊಲಿಯಬೇಕೆಂದಿದ್ದ ಇಬ್ಬರು ಸಹೋದರಿಯರು ನಿಜವಾದ ಗುತ್ತಿಗೆಗೆ ಬಂದರು, ಹೆಚ್ಚಿನ ದರಕ್ಕೆ.

ಇದು ಸುಲಭವಾಗಿರಲಿಲ್ಲ. ಯೂನಿಫಾರ್ಮಿನ ಬೆಲೆ ಏರಿಸಬೇಕಾಯಿತು. ಒಂದು ಶಾಲೆಯ ಆರ್ಡರ್ ಕೈತಪ್ಪಿತು. ಆ ವರ್ಷ ಕೇಂದ್ರ ನಷ್ಟದಲ್ಲಿ ನಡೆಯಿತು. "ಒಳ್ಳೆಯದು ಮಾಡಲು ಹೋಗಿ ಇದ್ದ ಕೆಲಸವೂ ಹೋಗುತ್ತೇನೋ" ಎಂದು ಸಹೋದರಿಯರೇ ಹೆದರಿದ್ದರು. ಹೊಸ ಆರ್ಡರುಗಳು ಬರಲು ಸಮಯ ಹಿಡಿಯಿತು. ಆದರೆ ಬೆರಳಿಗೆ ಸೂಜಿ ಹೊಕ್ಕ ಆ ತಾಯಿ ಮುಂದೊಮ್ಮೆ ಜ್ವರದಿಂದ ಮಲಗಿದಾಗ ಇ.ಎಸ್.ಐ. ಕಾರ್ಡ್ ಹಿಡಿದು ತಾವೇ ಆಸ್ಪತ್ರೆಗೆ ಹೋದರು. ಬಡವರ ನಿಧಿಯ ಬಾಗಿಲಿಗೆ ಬರಲಿಲ್ಲ.

ನಿಮ್ಮಲ್ಲಿ ನಮ್ಮ ವಿನಂತಿ ಇಷ್ಟೇ. ಈ ವಾರ ಮನೆಗೆ ಹೋಗಿ ಒಂದು ಹಾಳೆಯಲ್ಲಿ, ಸಂಬಳದ ಪಟ್ಟಿಯಲ್ಲಿ ಇಲ್ಲದೆ ನಿಮಗಾಗಿ ದುಡಿಯುವ ಎಲ್ಲರ ಹೆಸರು ಬರೆಯಿರಿ. ಒಬ್ಬೊಬ್ಬರಿಗೂ ಆ ಏಳು ಪ್ರಶ್ನೆ ಹಾಕಿ. ಸ್ವತಂತ್ರರು ಎಂದಾದವರಿಗೆ ಒಪ್ಪಂದ ಬರೆದುಕೊಡಿ, ಹೊತ್ತಿಗೆ ಸರಿಯಾಗಿ ಹಣ ಕೊಡಿ, ಅವರ ಸ್ವಾತಂತ್ರ್ಯ ಅವರಿಗೆ ಬಿಡಿ. ಕೆಲಸಗಾರರು ಎಂದಾದವರಿಗೆ ನೇಮಕಾತಿ ಪತ್ರ ಕೊಡಿ, ಸಲ್ಲಬೇಕಾದ್ದನ್ನು ಸಲ್ಲಿಸಿ. ಎಲ್ಲವೂ ಒಂದೇ ದಿನದಲ್ಲಿ ಆಗಲಿಕ್ಕಿಲ್ಲ. ಹಾಳೆ ತೆಗೆದುಕೊಂಡು ನಮ್ಮ ಕಚೇರಿಗೆ ಬನ್ನಿ, ಒಟ್ಟಿಗೆ ಕುಳಿತು ನೋಡೋಣ.

ನಜರೇತಿನ ಬಡಗಿ ಸಂತ ಜೋಸೆಫರೂ ಊರಿನವರಿಗೆ ಕೆಲಸ ಮಾಡಿಕೊಟ್ಟು ಬಾಳಿದವರು. ಅವರ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟವರ ಸಾಲಿನಲ್ಲಿ ನಾವೂ ಇರುವಂತಾಗಲಿ. ದೇವರು ನಿಮ್ಮ ದುಡಿಮೆಯನ್ನೂ, ನಿಮಗಾಗಿ ದುಡಿಯುವವರ ಕೈಗಳನ್ನೂ ಆಶೀರ್ವದಿಸಲಿ.